ಹೊಗೆಯ ಚೆಲುವು

ಅಸುಂದರವಾದ ವಸ್ತುವಿನ ಚಿತ್ರವು ಸುಂದರವಾಗಬಹುದೆ ಎಂಬ ಪ್ರಶ್ನೆಯು ನಮ್ಮ ಆಲಂಕಾರಿಕರಿಗೆ ಹೊಸದಲ್ಲ. ಭರತಮುನಿಯು ಎಂಟು ರಸಗಳಲ್ಲಿ ಭಯಾನಕ ಬೀಭತ್ಸಗಳಿಗೂ ಸ್ಥಾನವನ್ನಿತ್ತಿರುವನು. ಆದರೆ ಛಾಯಾಚಿತ್ರವೆಂಬ ಕಲೆಯು ಬಂದ ಮೇಲೆ ಈ ಪ್ರಶ್ನೆಗೆ ಧರ್ಮಸಂಬಂಧವಾದ ಮತ್ತೊಂದು ಮುಖವುಂಟಾಗಿದೆ. ಅದನ್ನು ವಾಚಕಮಹಾಶಯರ ಮುಂದಿಡುವೆನು.

ಅಮೆರಿಕದ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಎಂಬಾತನು 1902ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡ್ ಸಿಟಿಯ ರೈಲುಹಾದಿಯ ಚಿತ್ರವೊಂದನ್ನು ತೆಗೆದನು. ಹೊಳೆಯುವ ಕಂಬಿಗಳು, ಕರಿಯ ಹೊಗೆಯನ್ನುಗುಳುತ್ತ ಎದುರಾಗಿ ಬರುವ ಎಂಜಿನ್ನು, ಮೇಲೆ ಮಬ್ಬಾದ ಆಕಾಶ. ಅದಕ್ಕೆ ಆತನಿಟ್ಟ ಹೆಸರು ‘ಮನುಷ್ಯನ ಕೈ’. ಚಿತ್ರದಲ್ಲಿ ಹುಡುಕಿದರೆ ಕೈಯೇ ಕಾಣದು! ಒಲೆಗೆ ಕಲ್ಲಿದ್ದಲನ್ನು ಎರಚುವವನು ಹೊಗೆಯ ಹಿಂದೆಲ್ಲೋ ಮರೆಯಾಗಿದ್ದಾನೆ. 1910ರಲ್ಲಿ ಕೋಬರ್ನ್ ಎಂಬ ಮತ್ತೊಬ್ಬ ಕಲಾವಿದನು ಪಿಟ್ಸ್‌ಬರ್ಗಿನ ಕಾರ್ಖಾನೆಗಳನ್ನು ಇದೇ ಕಣ್ಣಿನಿಂದ ನೋಡಿದನು.

ಅದೇ 1902ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗಳಿಗೆ ಶಿವನಸಮುದ್ರದಿಂದ 92 ಮೈಲಿ ತಂತಿಯ ಮೂಲಕ ವಿದ್ಯುಚ್ಛಕ್ತಿಯು ಬಂದಿತು. ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ರೈಲು ಅದಕ್ಕೂ ಮೊದಲೇ ಓಡುತ್ತಿತ್ತು. ಆ ಕಾಲದ ಗಣಿಯ ಚಿತ್ರಗಳನ್ನು ನಾನು ಕೆಲವರ ಮನೆಗಳಲ್ಲಿ ನೋಡಿದ್ದೇನೆ. ಷಾಫ್ಟಿನ ಬಾಯಮೇಲಣ ಎತ್ತರವಾದ ಗೋಪುರ, ಅದರ ನೆತ್ತಿಯ ಚಕ್ರಗಳು. ಕೆಳಗೆ ಸಾಲಾಗಿ ನಿಂತ ಕೂಲಿಯವರು. ಚಿತ್ರದಡಿಯಲ್ಲಿ ಷಾಫ್ಟಿನ ಹೆಸರುಂಟು, ನಿಂತವರ ಹೆಸರಿಲ್ಲ. ಚಾಂಪಿಯನ್ ರೀಫಿನ ಗಣಿಯು ಕಡೆಗೆ 3 ಕಿಲೋಮೀಟರಿಗೂ ಮಿಕ್ಕಿ ಕೆಳಗಿಳಿಯಿತು. ಅಲ್ಲಿಯ ಬಂಡೆಯ ಧೂಳು ಎಷ್ಟೋ ಜನರ ಶ್ವಾಸಕೋಶಗಳನ್ನು ತಿಂದುಹಾಕಿತು.

ಕಷ್ಟದ ದೃಶ್ಯವನ್ನು ನೋಡಿ ಆನಂದಿಸುವುದು ದೋಷವಲ್ಲವೆ ಎಂದು ಕೇಳಿದರೆ, ಶಾಸ್ತ್ರಜ್ಞರು ಭಟ್ಟನಾಯಕನ ಸಾಧಾರಣೀಕರಣವನ್ನು ಮುಂದಿಡುವರು: ರಸಾನುಭವದಲ್ಲಿ ಶೋಕವು ಇಂಥವನದೆಂಬ ಭಾವವು ಅಳಿಯುವುದಾದ್ದರಿಂದ ದೋಷವಿಲ್ಲವೆಂದು. ನಾಟಕದ ಮಟ್ಟಿಗೆ ಇದು ಸಾಧುವೇ. ರಂಗದ ಮೇಲೆ ಅಳುವ ನಟನಿಗೆ ಆ ಶೋಕವಿಲ್ಲ. ತೆರೆಬಿದ್ದ ಮೇಲೆ ಆತನು ಮನೆಗೆ ಹೋಗಿ ಊಟಮಾಡುವನು. ಛಾಯಾಚಿತ್ರದಲ್ಲಿ ಹಾಗಲ್ಲ. ನಿಂತವನ ಮೈಗೆ ತಾಗಿದ ಬೆಳಕೇ ಫಲಕಕ್ಕೂ ತಾಗಿದೆ. ಆ ಬೆವರು ಆತನದೇ. ಅಲ್ಲಿ ಆತನನ್ನು ‘ಯಾರೋ ಒಬ್ಬ’ನನ್ನಾಗಿ ಮಾಡುವುದು ರಸವಲ್ಲ, ಋಣವನ್ನು ತಪ್ಪಿಸಿಕೊಳ್ಳುವ ಉಪಾಯ.

ಹಾಗೆಂದು ಚೆಲುವನ್ನು ದೂರಲು ನನಗೆ ಮನಸ್ಸಿಲ್ಲ. ಚೆಲುವಿಲ್ಲದಿದ್ದರೆ ಆ ಚಿತ್ರಗಳನ್ನು ಯಾರು ತಾನೆ ಕಾಪಾಡುತ್ತಿದ್ದರು? ಗೋಪುರದ ಅಂದಕ್ಕಾಗಿ ಉಳಿಸಿದ ಚಿತ್ರದಲ್ಲಿ ಕೂಲಿಯವನ ಮುಖವೂ ಉಳಿಯಿತು.

2001ರಲ್ಲಿ ಗಣಿಗಳು ಮುಚ್ಚಿದುವು. ಚಿನ್ನವನ್ನು ತೆಗೆದುಳಿದ ಹಿಟ್ಟುಮಣ್ಣಿನ ಸೈನೈಡ್ ಗುಡ್ಡಗಳು ಮಾತ್ರ ನಿಂತಿವೆ. ಚಲನಚಿತ್ರದವರು ಅವುಗಳ ಬಿಳುಪಿಗೆ ಮೋಹಗೊಂಡು ಬರುವರು. ತರುಣರೂ ಬಂದು ಚಿತ್ರ ತೆಗೆದುಕೊಂಡು ಹೋಗುವರು. ಗಾಳಿಯೆದ್ದಾಗ ಆ ಬಿಳುಪೇ ಸುತ್ತಣ ಮನೆಗಳ ಅನ್ನದ ತಟ್ಟೆಯ ಮೇಲೆ ಬೀಳುವುದು. ಹಳೆಯ ಚಿತ್ರಗಳನ್ನಿಟ್ಟುಕೊಂಡಿರುವವರು ಒಮ್ಮೆ ಅವನ್ನು ಹಿಡಿದು ಗಣಿಯ ಲೈನುಮನೆಗಳಿಗೆ ಹೋಗಲಿ. ‘ಎಡದಿಂದ ಮೂರನೆಯವರು ನಮ್ಮ ತಾತ’ ಎಂದು ಬೆರಳಿಟ್ಟು ತೋರಿಸತಕ್ಕವರು ಅಲ್ಲಿ ಇನ್ನೂ ಕೆಲವರಿರಬಹುದು.