ತಲೆಬರಹದ ನಂಟು

ಬಂಗಾರಪೇಟೆ ರೈಲು ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿ. ಕೆಜಿಎಫ್‌ನ ಹುಡುಗಿಯೊಬ್ಬಳು ಪೆನ್‌ಡ್ರೈವ್ ಹಿಡಿದು ನಿಂತಿದ್ದಳು. ಚಿನ್ನದ ಗಣಿಗಳ ಮೇಲೆ ಬರೆದ ಪ್ರಾಜೆಕ್ಟು, ಸಂಜೆಯೊಳಗೆ ಬೈಂಡ್ ಆಗಬೇಕು. "ಅಣ್ಣಾ, ಕೊನೇ ಅಧ್ಯಾಯಕ್ಕೆ 'ಗಣಿ ಮುಚ್ಚಿದ ಮೇಲೆ' ಅಂತ ಹೆಡರ್ ಹಾಕ್ದೆ. ಎಲ್ಲಾ ಪುಟಕ್ಕೂ ಅದೇ ಬಂದ್ಬಿಡ್ತು" ಎಂದಳು.

ಫೈಲು ತೆರೆದರೆ ಹಾಗೇ ಇತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯಲು ಕೆಜಿಎಫ್‌ಗೆ ಕಾಲಿಟ್ಟ ಪುಟ, 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂದ ಪುಟ, ಎಲ್ಲದರ ನೆತ್ತಿಯ ಮೇಲೂ 'ಗಣಿ ಮುಚ್ಚಿದ ಮೇಲೆ'! ಗಣಿಗೆ ಬೀಗ ಬಿದ್ದದ್ದು 2001ರ ಫೆಬ್ರವರಿ 28ರಂದು. ಇವಳ ಹೆಡರ್ ನೂರಿಪ್ಪತ್ತು ವರ್ಷ ಮೊದಲೇ ಮುಚ್ಚಿಬಿಟ್ಟಿತ್ತು.

ಅಂಗಡಿಯವರು ನಕ್ಕರು. "ಪೇಜ್ ಬ್ರೇಕ್ ಕೊಟ್ಟಿದ್ದೀಯಮ್ಮ, ಅದು ಪುಟ ಮಾತ್ರ ಬದಲಿಸುತ್ತೆ. ಅಧ್ಯಾಯ ಬೇರೆ ಅಂತ ವರ್ಡ್‌ಗೆ ತಿಳೀಬೇಕಾದ್ರೆ ಸೆಕ್ಷನ್ ಬ್ರೇಕ್ ಬೇಕು." ಪ್ರತಿ ಅಧ್ಯಾಯದ ಮೊದಲಲ್ಲಿ ಕರ್ಸರ್ ಇಟ್ಟು, ಲೇಔಟ್‌ನ ಬ್ರೇಕ್ಸ್‌ಗೆ ಹೋಗಿ 'ನೆಕ್ಸ್ಟ್ ಪೇಜ್' ಒತ್ತಿದರು. ಆಮೇಲೆ ಹೆಡರ್ ಮೇಲೆ ಎರಡು ಸಲ ಕ್ಲಿಕ್ಕಿಸಿ 'ಲಿಂಕ್ ಟು ಪ್ರೀವಿಯಸ್' ಆಫ್ ಮಾಡಿದರು. ಹೊಸ ಹೆಸರು ಟೈಪಿಸಿದ್ದು ಅದಾದ ಮೇಲೆಯೇ. ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ: ನಂಟು ಕಳಚದೆ ಹೆಸರು ಬದಲಿಸುತ್ತೇವೆ, ಹಿಂದಿನ ಅಧ್ಯಾಯದ ಹೆಸರೂ ಅಳಿಸಿಹೋಗುತ್ತದೆ.

ಕೊನೆಗೆ ಪುಟಸಂಖ್ಯೆ ನೋಡಿದರು. ಅಲ್ಲಿ ಮಾತ್ರ 'ಕಂಟಿನ್ಯೂ ಫ್ರಮ್ ಪ್ರೀವಿಯಸ್ ಸೆಕ್ಷನ್' ಎಂಬುದನ್ನು ಹಾಗೇ ಉಳಿಸಿದರು. "ಇದನ್ನ ಮುಟ್ಟಬಾರ್ದು. ಮುಟ್ಟಿದ್ರೆ ಪ್ರತಿ ಅಧ್ಯಾಯಾನೂ ಒಂದರಿಂದ ಶುರುವಾಗುತ್ತೆ" ಎಂದರು.

ನಾನು ಅಂಗಡಿಯಿಂದ ಹೊರಗೆ ಬಂದು ನಿಲ್ದಾಣದ ಹಳದಿ ಫಲಕ ನೋಡಿದೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನಲ್ಲಿ ಈ ಊರು ಒಂದು ಕಾಲಕ್ಕೆ ಬೌರಿಂಗ್‌ಪೇಟೆ. ಫಲಕದ ಮೇಲೆ ಬಂಗಾರಪೇಟೆ ಎಂದು ಬಂದು ಎಷ್ಟೋ ಕಾಲವಾಯಿತು. ಆದರೆ ರೈಲ್ವೆಯ ಲೆಕ್ಕದಲ್ಲಿ ನಿಲ್ದಾಣದ ಸಂಕೇತ ಇವತ್ತಿಗೂ 'ಬಿಡಬ್ಲ್ಯುಟಿ'. ಬೌರಿಂಗ್ ಸಾಹೇಬರು ಮೂರಕ್ಷರದಲ್ಲಿ ಇನ್ನೂ ಕೂತಿದ್ದಾರೆ. ಯಾರಿಗೂ ಅದರಿಂದ ತೊಂದರೆಯಿಲ್ಲ.

ಕೆಜಿಎಫ್‌ನ ಮಾರಿಕುಪ್ಪಂ ಕಡೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರ ಬದುಕೂ ಹೊಸ ಅಧ್ಯಾಯವೇ. ಹೊರಗಿನವರು ಮಾತ್ರ ಅದರ ನೆತ್ತಿಗೆ 'ಚಿನ್ನದ ಊರು' ಎಂಬ ಹಳೆಯ ಹೆಡರನ್ನೇ ಅಂಟಿಸಿ ಓದುತ್ತೇವೆ. ಇಲ್ಲವೇ 'ಮುಚ್ಚಿದ ಊರು' ಎಂದು ಬರೆದು, ಅಲ್ಲಿ ದುಡಿದವರ ಹಿಂದಿನ ಪುಟಗಳನ್ನೂ ಅಳಿಸುತ್ತೇವೆ. ಎರಡೂ ತಪ್ಪು. ಅಧ್ಯಾಯಕ್ಕೆ ಅದರದೇ ಹೆಸರು ಕೊಡೋಣ, ಪುಟಸಂಖ್ಯೆಯನ್ನು ಮಾತ್ರ ಒಂದರಿಂದ ಶುರು ಮಾಡುವುದು ಬೇಡ.