ಭೂಮಿಯ ಒಡೆತನ

ಕೃಷ್ಣರಾಜಪೇಟೆ ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ, ಹೇಮಾವತಿಯ ತಡಿಯಲ್ಲಿ, ಭೂವರಾಹಸ್ವಾಮಿಯ ಪುರಾತನ ದೇವಾಲಯವಿರುವುದು. ಸ್ವಾಮಿಯ ಎಡದೊಡೆಯ ಮೇಲೆ ಭೂದೇವಿಯು ಆಸೀನಳಾಗಿರುವಳು. ಮನೆಯನ್ನು ಬಯಸುವವರೂ ಜಮೀನಿನ ವ್ಯಾಜ್ಯದಲ್ಲಿ ಸಿಲುಕಿದವರೂ ತಮ್ಮ ನೆಲದ ಹಿಡಿಮಣ್ಣನ್ನೋ ಇಟ್ಟಿಗೆಯನ್ನೋ ತಂದು ಪೂಜೆ ಮಾಡಿಸುವುದು ಅಲ್ಲಿಯ ರೂಢಿ. ಪ್ರಾತಃಕಾಲದಲ್ಲಿ ಪಾದಸ್ಪರ್ಶಕ್ಕಾಗಿ ಆಕೆಯ ಕ್ಷಮೆಯನ್ನು ಬೇಡುವ ನಾವು, ಆಕೆಯ ಇದಿರಿನಲ್ಲಿಯೇ ಆಕೆಯ ಒಡೆತನವನ್ನು ಯಾಚಿಸುವುದು ಸಮಂಜಸವೆ?

ಪೂರ್ವಮೀಮಾಂಸೆಯ 6ನೆಯ ಅಧ್ಯಾಯದಲ್ಲಿ ಇದಕ್ಕೆ ಸಮೀಪವಾದ ವಿಚಾರವೊಂದುಂಟು. ವಿಶ್ವಜಿದ್ಯಾಗದಲ್ಲಿ ಸರ್ವಸ್ವವನ್ನೂ ದಾನಮಾಡಬೇಕಷ್ಟೆ. ಹಾಗಾದರೆ ಭೂಮಿಯನ್ನೂ ಕೊಡಬಹುದೆ? ಕೂಡದು, ಅದು ಸರ್ವರಿಗೂ ಸಮಾನವಾದುದೆಂದು ಜೈಮಿನಿಯ ನಿರ್ಣಯ. ಹೊಲಗಳಿಗೆ ಒಡೆಯರುಂಟು, ಸಮಗ್ರ ಭೂಮಂಡಲಕ್ಕಿಲ್ಲವೆಂದು ಶಬರಸ್ವಾಮಿಗಳು ವಿವರಿಸಿರುವರು. ಆದುದರಿಂದ ಬಾಳಲು ಎಡೆಯನ್ನು ಬೇಡುವುದು ದೋಷವಲ್ಲ.

ನಾನೂ ಒಮ್ಮೆ ಹಿಡಿಮಣ್ಣನ್ನು ಒಯ್ದವನೇ. ಅಂದು ಬೇಡಿದುದು ಬಾಳುವ ಎಡೆಯನ್ನೋ, ನೆರೆಯವನ ಎಲ್ಲೆಯೊಳಗಣ ಎರಡು ಮೊಳ ನೆಲವನ್ನೋ ಎಂಬ ಶಂಕೆಯು ಇಂದಿಗೂ ನನ್ನನ್ನು ಬಿಟ್ಟಿಲ್ಲ.