ಪರದೇಶದ ಗಿಡವೂ ನಮ್ಮ ಹಿತ್ತಿಲೂ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಲ್ಲಿರುವ ನಮ್ಮ ಸಭೆಯವರಲ್ಲಿ ಅನೇಕರು ಮನೆಯ ಹಿತ್ತಿಲಲ್ಲಿ ಹತ್ತಾರು ಗಿಡಗಳನ್ನು ಸಾಕುವದುಂಟು. ಈಚೆಗೆ ಕರಿಬೇವು, ನುಗ್ಗೆ, ಬಾಳೆಗಳ ಮಗ್ಗುಲಲ್ಲಿ ಬೆಣ್ಣೆಹಣ್ಣು, ಡ್ರ್ಯಾಗನ್ ಹಣ್ಣು, ಆಂಥೂರಿಯಂ ಮೊದಲಾದ ದೂರದೇಶದ ಗಿಡಗಳೂ ಕಾಣಬರುತ್ತವೆ. ಇವುಗಳನ್ನು ಕಂಡು ಕೆಲವರು, "ನಮ್ಮ ಮಣ್ಣಿನದಲ್ಲದ್ದು ನಮಗೆ ಯಾಕೆ?" ಎಂದು ಕೇಳುತ್ತಾರೆ. ಈ ಪ್ರಶ್ನೆಯು ಸಣ್ಣದಾಗಿ ತೋರಿದರೂ ಸಣ್ಣದಲ್ಲ. ಯಾಕಂದರೆ ಇದೇ ಮಾತು ನಮ್ಮ ನಂಬಿಕೆಯ ವಿಷಯದಲ್ಲಿಯೂ ಸಂತೆಯಲ್ಲಿ, ಬಾವಿಕಟ್ಟೆಯಲ್ಲಿ ನಮ್ಮ ಕಿವಿಗೆ ಬೀಳುತ್ತದೆ. ಹೊರಗಿನಿಂದ ಬಂದದ್ದು ಎಂಬುದೇ ಒಂದು ವಸ್ತುವಿಗೆ ದೋಷವೋ? ಇದನ್ನು ಶಾಂತವಾಗಿ ಆಲೋಚಿಸೋಣ.

ಮೊದಲನೆಯದಾಗಿ, ನಮ್ಮ ಅಡಿಗೆಮನೆಯನ್ನು ನೋಡಿರಿ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಶೇಂಗಾ, ಮೆಕ್ಕೆಜೋಳ ಇವೆಲ್ಲವೂ ಅಮೇರಿಕಾ ಖಂಡದಲ್ಲಿ ಹುಟ್ಟಿದವು. 1498ರಲ್ಲಿ ಪೋರ್ಚುಗೀಸರ ಹಡಗು ಮಲೆಯಾಳ ಕರಾವಳಿಗೆ ಬರುವದಕ್ಕಿಂತ ಮುಂಚೆ ನಮ್ಮ ಹಿರಿಯರು ಮೆಣಸಿನಕಾಯಿಯನ್ನು ಕಂಡವರಲ್ಲ. ಅವರ ಸಾರಿಗೆ ಖಾರವು ಕರಿಮೆಣಸಿನಿಂದ ಬರುತ್ತಿತ್ತು. ಹೊಸ ಕಾಯಿ ಬಂದಾಗ ಹಳೆಯ ಮೆಣಸಿನ ಹೆಸರನ್ನೇ ಅದಕ್ಕೆ ಕೊಟ್ಟು ಮನೆಯೊಳಗೆ ಸೇರಿಸಿಕೊಂಡರು. ಪರಂಗಿಹಣ್ಣಿನ ಹೆಸರಿನಲ್ಲಿ ಪರಂಗಿಯವನು ಇಂದಿಗೂ ಉಳಿದಿದ್ದಾನೆ. ಸೀಮೆಬದನೆಯನ್ನು ಬೆಂಗಳೂರಿಗೆ ತಂದವನು 1874ರಿಂದ ಲಾಲ್‌ಬಾಗಿನ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರಾನನು. ಆ ತೋಟವನ್ನು 1760ರಲ್ಲಿ ಹೈದರಲ್ಲಿಯು ಆರಂಭಿಸಿದಂದಿನಿಂದ ಅನ್ಯದೇಶದ ಗಿಡಗಳು ಅಲ್ಲಿ ಬೇರೂರಿದವು. ಸೀತಾಫಲವೂ ಅಮೇರಿಕಾದ್ದೇ, ಆದರೆ ಅದರ ಹೆಸರನ್ನು ಕೇಳಿದವರು ಯಾರು ಅದನ್ನು ಪರದೇಶಿಯೆಂದಾರು? ಹಬ್ಬಹಬ್ಬಕ್ಕೂ ಬಾಗಿಲಿಗೆ ಕಟ್ಟುವ ಚೆಂಡುಹೂವು ಮೆಕ್ಸಿಕೋ ಸೀಮೆಯದು. ಹೀಗಿರಲಾಗಿ, ಹುಟ್ಟಿದ ಊರು ಒಂದು ಗಿಡಕ್ಕೆ ಮಾನವನ್ನೂ ಕೊಡಲಾರದು, ಅವಮಾನವನ್ನೂ ಕೊಡಲಾರದು ಎಂಬದು ಸ್ಪಷ್ಟವಾಗಿದೆ.

ಇದನ್ನು ಓದಿ, ನಮ್ಮನ್ನು ಹೀಯಾಳಿಸುವವರಿಗೆ ಒಳ್ಳೇ ಉತ್ತರ ಸಿಕ್ಕಿತೆಂದು ಕೆಲವರು ಸಂತೋಷಪಡಬಹುದು. ಸ್ವಲ್ಪ ತಾಳಿರಿ, ಮಾತು ಇಲ್ಲಿಗೆ ಮುಗಿಯುವದಿಲ್ಲ.

ಎರಡನೆಯದಾಗಿ, ಹೊರಗಿನಿಂದ ಬಂದವುಗಳೆಲ್ಲಾ ಮೆಣಸಿನಕಾಯಿಯಂತೆ ನಡೆದುಕೊಳ್ಳಲಿಲ್ಲ. ಲಂಟಾನವನ್ನು ಹೂವಿನ ಚಂದಕ್ಕೆಂದು 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತಾದ ತೋಟಕ್ಕೆ ತಂದರು. ಇಂದು ಅದು ನಮ್ಮ ಕಾಡುಗಳಲ್ಲಿ ದನಕ್ಕೆ ಹುಲ್ಲಿಲ್ಲದಂತೆ ಹಬ್ಬಿದೆ. ಬಳ್ಳಾರಿ ಜಾಲಿಯನ್ನು ಬರಡುಭೂಮಿಗೆ ಸೌದೆಯಾದೀತೆಂದು 19ನೆಯ ಶತಮಾನದ ಕೊನೆಯ ಭಾಗದಲ್ಲಿ ತಂದರು. ಅದು ಬಡವರ ಒಲೆಗೆ ಸೌದೆಯನ್ನು ಕೊಟ್ಟದ್ದು ನಿಜ. ಆದರೂ ಒಣಸೀಮೆಯ ಹಳ್ಳಗಳನ್ನೂ ಕೆರೆಯ ಅಂಗಳಗಳನ್ನೂ ನುಂಗಿ, ತನ್ನ ನೆರಳಿನಲ್ಲಿ ಬೇರೊಂದನ್ನು ಬೆಳೆಯಗೊಡದು. ಪಾಪಾಸುಕಳ್ಳಿಯು ದಕ್ಷಿಣದ ಹೊಲಗಳನ್ನು ಎಷ್ಟು ಆವರಿಸಿತೆಂದರೆ, ಅದನ್ನು ತಿನ್ನುವ ಹುಳವನ್ನು 1926ರಲ್ಲಿ ಸಿಂಹಳದಿಂದ ತರಿಸಬೇಕಾಯಿತು. ಈ ಗಿಡಗಳನ್ನು ತಂದವರಲ್ಲಿ ಕೇಡು ಮಾಡಬೇಕೆಂಬ ಮನಸ್ಸುಳ್ಳವರು ಇದ್ದರೆಂದು ಹೇಳಲಾಗದು. ನೆಟ್ಟರು, ಆಮೇಲೆ ಕಾಯಲಿಲ್ಲ, ದೋಷವಿರುವದು ಅಲ್ಲಿಯೇ. ಏದೆನ್ ತೋಟದಲ್ಲಿ ಆದಾಮನಿಗೆ ವ್ಯವಸಾಯದ ಜೊತೆಗೆ ಕಾವಲನ್ನೂ ಒಪ್ಪಿಸಲಾಯಿತೆಂಬದನ್ನು ನೆನಪಿಗೆ ತಂದುಕೊಳ್ಳಿರಿ. ಗಿಡಕ್ಕೆ ಮನಸ್ಸಾಕ್ಷಿಯಿಲ್ಲ; ನೆಟ್ಟವನಿಗೆ ಉಂಟು.

ಆದಕಾರಣ ಗಿಡವನ್ನು ಕೇಳಬೇಕಾದ ಪ್ರಶ್ನೆಯು, ಎಲ್ಲಿಂದ ಬಂದಿ ಎಂಬದಲ್ಲ. ಇಲ್ಲಿ ನಿನ್ನ ನೆರೆಯವರಿಗೆ ಏನಾಗಿದ್ದೀ ಎಂಬದೇ. ಈ ಪ್ರಶ್ನೆಯನ್ನು ನಮ್ಮ ಕಡೆಗೂ ತಿರುಗಿಸೋಣ. ನಮ್ಮ ಮತವು ಹೊರಗಿನದೆಂದು ಹೇಳುವವನಿಗೆ ಬಾಯಿಮಾತಿನ ಉತ್ತರದಿಂದ ಏನೂ ಆಗದು. ನಾವು ಬಂದ ಕೇರಿಯಲ್ಲಿ ರೋಗಿಯ ಮನೆಗೆ ಗಂಜಿ ಹೋಗುತ್ತದೋ, ಜಗಳಗಳು ಕಡಿಮೆಯಾದವೋ, ಹಳೆಯ ನೆಂಟರೊಂದಿಗೆ ಮಾತು ಉಳಿದಿದೆಯೋ ಎಂಬದನ್ನು ಊರು ನೋಡುತ್ತದೆ. ನಮ್ಮ ನೆರಳಿನಲ್ಲಿ ಮತ್ತೊಬ್ಬರು ಬೆಳೆಯದೆ ಹೋದರೆ ಆ ನಿಂದೆಯನ್ನು ಸುಳ್ಳೆಂದು ಸಾಧಿಸುವದು ಹೇಗೆ? ಪೌಲನು ರೋಮಾಪುರದವರಿಗೆ ಬರೆಯುವಾಗ, ಊರಿನ ಮರಕ್ಕೆ ಕಸಿಮಾಡಲ್ಪಟ್ಟ ಕಾಡುಕೊಂಬೆಯು ಹೆಚ್ಚಳಪಡಬಾರದೆಂದು ಎಚ್ಚರಿಸಿದ್ದು ಇದಕ್ಕಾಗಿಯೇ.

ಮೂರನೆಯದಾಗಿ, ನೀರಿನ ಮಾತು. ಭದ್ರಾ ಕಾಲುವೆಯ ನೀರುಂಡ ಚನ್ನಗಿರಿಯ ಅಡಿಕೆತೋಟಕ್ಕೂ ಜಗಳೂರಿನ ಒಣಹೊಲಕ್ಕೂ ಬಹಳ ಅಂತರವಿದೆ. 2023ರ ಬರಗಾಲದಲ್ಲಿ ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಸರಕಾರವೇ ಸಾರಿತು. ಅಂಥ ವರುಷದಲ್ಲಿ, ಪಕ್ಕದ ಮನೆಯವಳು ಎರಡು ಕೊಡ ನೀರಿಗಾಗಿ ಕಾದು ನಿಂತಿರುವಾಗ, ನಾವು ಅಂದದ ಎಲೆಗೆ ನೀರು ಚಿಮುಕಿಸುವದು ಧರ್ಮವೋ? ಅಹಾಬನು ಆಶಿಸಿದ್ದು ಅರಮನೆಯ ಪಕ್ಕದಲ್ಲಿ ಕಾಯಿಪಲ್ಯದ ಒಂದು ತೋಟವನ್ನೇ. ಆಶೆಯು ಸಣ್ಣದಾಗಿತ್ತು, ಅದಕ್ಕೆ ಎದುರಾಗಿದ್ದ ನಾಬೋತನ ಪ್ರಾಣವು ಅವನ ಕಣ್ಣಿಗೆ ಇನ್ನೂ ಸಣ್ಣದಾಗಿ ಕಂಡಿತು. ತೋಟದ ಆಶೆಯು ಪಾಪವಲ್ಲ. ಅದು ನೆರೆಯವನ ಪಾಲಿನ ಮೇಲೆ ಕೈಯಿಟ್ಟಾಗ ಪಾಪವಾಗುತ್ತದೆ.

ಹಾಗಾದರೆ ಬಡವನ ಹಿತ್ತಿಲಲ್ಲಿ ಚಂದಕ್ಕೆ ಎಡೆಯೇ ಇಲ್ಲವೋ? ಉಂಟು. ಶ್ರೀರಾಮಪುರದ ವಿಲಿಯಂ ಕೇರಿಯವರು ಸತ್ಯವೇದದ ಭಾಷಾಂತರದ ಭಾರದ ನಡುವೆಯೂ ಸಸ್ಯಗಳನ್ನು ಪ್ರೀತಿಯಿಂದ ಸಾಕಿದರು. 1820ರಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವನ್ನು ಸ್ಥಾಪಿಸಿದರು. ದೇವರು ಹೊಟ್ಟೆಗೆ ಬೇಕಾದದ್ದನ್ನು ಮಾತ್ರ ಸೃಷ್ಟಿಸಲಿಲ್ಲ. ಡ್ರ್ಯಾಗನ್ ಹಣ್ಣಿನ ದೊಡ್ಡ ಬಿಳಿಯ ಹೂವು ರಾತ್ರಿಯಲ್ಲಿ ಅರಳಿ ಬೆಳಗಾದ ಮೇಲೆ ಬಾಡಿಹೋಗುತ್ತದೆ. ಅದನ್ನು ನೋಡುವದಕ್ಕೆ ದೀಪ ಹಿಡಿದು ಬರುವ ಮಕ್ಕಳ ಸಂತೋಷವೂ ಆತನ ದಾನವೇ.

ಆದರೆ ಬುದ್ಧಿಯಿಂದ ಬೆಳೆಸಬೇಕು. ಡ್ರ್ಯಾಗನ್ ಹಣ್ಣು ಕಳ್ಳಿಯ ಜಾತಿಯದು. ಒಂದು ಕಲ್ಲುಕಂಬದ ಆಸರೆ ಕೊಟ್ಟರೆ ಕಡಿಮೆ ನೀರಿನಲ್ಲಿ ಬದುಕುವದರಿಂದ ಜಗಳೂರಿನ ಸೀಮೆಗೆ ಹೊಂದುತ್ತದೆ. ಬೆಣ್ಣೆಹಣ್ಣಿಗೆ ತಂಪು ಬೇಕು. ಆದರೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವದು. ಆದದರಿಂದ ಹೊನ್ನಾಳಿ, ನ್ಯಾಮತಿಗಳ ಜಿಗುಟು ಮಣ್ಣುಳ್ಳವರು ದಿಣ್ಣೆ ಮಾಡಿ ನೆಡಲಿ. ಆಂಥೂರಿಯಂ ನೇರ ಬಿಸಿಲನ್ನು ತಾಳದು, ಮರದ ನೆರಳಿನಲ್ಲಿಡಿರಿ. ಬುಡಕ್ಕೆ ತರಗೆಲೆಯನ್ನು ಹೊದಿಸಿದರೆ ಅರ್ಧ ಕೊಡದಲ್ಲಿ ಒಂದು ಕೊಡದ ಕೆಲಸವಾದೀತು. ಅಕ್ಕಿ ತೊಳೆದ ನೀರನ್ನು ಚೆಲ್ಲಬೇಡಿರಿ. ಹೆಸರು ತಿಳಿಯದ ಗಿಡವನ್ನು ಬೇಲಿಯಾಚೆಗೆ ಬಿಸಾಡಬೇಡಿರಿ, ಕೆರೆಗಂತೂ ಹಾಕಲೇಬೇಡಿರಿ. ಮೊದಲನೆಯ ಹಣ್ಣು ಪಕ್ಕದ ಮನೆಗೆ ಹೋಗಲಿ, ಸಸಿ ಕೇಳಿದವನಿಗೆ ಇಲ್ಲವೆನ್ನಬೇಡಿರಿ.

ಪ್ರಿಯರೇ, ಒಂದು ಗಿಡವು ಯಾವಾಗ ಈ ಊರಿನದಾಗುತ್ತದೆ? ಅದರ ಕಾಯಿ ನೆರೆಯವರ ಸಾರಿಗೆ ಬಿದ್ದು, ಅದಿಲ್ಲದೆ ಊಟವು ಸಪ್ಪೆಯೆಂದು ಅವರಿಗೆ ತೋರುವಾಗಲೇ. ಅಂದಿನಿಂದ ಅದು ಎಲ್ಲಿಯದೆಂದು ಯಾರೂ ವಿಚಾರಿಸುವದಿಲ್ಲ. ನಮ್ಮ ಸಭೆಗಳೂ ಆಯಾ ಹಳ್ಳಿಗಳಲ್ಲಿ ಹಾಗೆಯೇ ಬೇಕಾದವುಗಳಾಗುವಂತೆ ಕರ್ತನು ಕೃಪೆಮಾಡಲಿ.